ರಾಜ ಇನ್ನೂ ಸುಮ್ಮನೆ ನಿಂತಿದ್ದಾನೆ

ನನ್ನ ಕೆಲಸ ಬಸ್ ನಿಲ್ದಾಣದಲ್ಲಿ ಮೈಕ್ ಮುಂದೆ ಕೂತು ಬಸ್ಸುಗಳ ಸುದ್ದಿ ಹೇಳುವುದು. ಬಂದ ಬಸ್ಸನ್ನು ಬಂದಿದೆ ಎನ್ನುತ್ತೇನೆ, ಬರದ ಬಸ್ಸನ್ನು ಬಂದಿಲ್ಲ ಎನ್ನುತ್ತೇನೆ. ಇದರಲ್ಲಿ ಕಲೆಗಿಲೆ ಏನೂ ಇಲ್ಲ. ಒಮ್ಮೆ ಹೊಸ ಮ್ಯಾನೇಜರು ಬಂದು, "ಸ್ವಲ್ಪ ನಗ್ತಾ ನಗ್ತಾ ಹೇಳಿ ಮೇಡಂ, ಜನಕ್ಕೆ ಖುಷಿಯಾಗ್ಲಿ" ಎಂದರು. "ಬಸ್ಸು ಕೆಟ್ಟು ನಿಂತಿದೆ ಅನ್ನೋದನ್ನ ನಗ್ತಾ ಹೇಳಿದ್ರೆ ಜನ ಕಲ್ಲು ತಗೋತಾರೆ ಸಾರ್" ಎಂದೆ. ಆಮೇಲೆ ಅವರು ನನ್ನ ತಂಟೆಗೆ ಬರಲಿಲ್ಲ. ಇಂಥ ನನ್ನನ್ನು ನಾಟಕದವರು ಹುಡುಕಿಕೊಂಡು ಬಂದರು ಎಂದರೆ ಅವರಿಗೆ ಎಂಥ ಗತಿ ಬಂದಿತ್ತೆಂದು ನೀವೇ ಲೆಕ್ಕ ಹಾಕಿ.

ನಾಟಕದ ಹುಚ್ಚು ಇರುವುದು ನನ್ನ ಗಂಡನಿಗೆ. ಹಗಲೆಲ್ಲ ಝೆರಾಕ್ಸ್ ಅಂಗಡಿಯಲ್ಲಿ ನಿಂತು ಊರವರ ಕಾಗದಗಳನ್ನು ನಕಲು ಮಾಡುತ್ತಾರೆ, ಸಂಜೆಯಾದರೆ ಸೈಕಲ್ ಹತ್ತಿ ನಾಟಕದ ತಂಡಕ್ಕೆ ಓಟ. ಮದುವೆಗೆ ಮುಂಚಿನಿಂದಲೂ ಅದೇ ತಂಡ. ಆದರೆ ಇಷ್ಟು ವರ್ಷಗಳಲ್ಲಿ ಪುಣ್ಯಾತ್ಮರಿಗೆ ಒಂದೇ ಒಂದು ಮಾತಿನ ಪಾತ್ರ ಸಿಕ್ಕಿಲ್ಲ. ಜನರೆದುರು ಬಾಯಿ ತೆರೆದರೆ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಕಾವಲುಗಾರ, ಮರ, ಹೆಣ, ಇಲ್ಲವಾದರೆ ಗುಂಪಿನಲ್ಲಿ ಒಬ್ಬ. ಅದನ್ನಾದರೂ ಕಾಟಾಚಾರಕ್ಕೆ ಮಾಡುತ್ತಾರೆಯೇ? ಊಹೂಂ. ಹೆಣದ ಪಾತ್ರ ಬಂದಾಗ ಅಡುಗೆಮನೆಯ ನಡುವೆ ಮಲಗಿ ಉಸಿರು ಹಿಡಿಯುವ ಅಭ್ಯಾಸ ಮಾಡುತ್ತಿದ್ದರು. ನಾನು ಪಾತ್ರೆ ಹಿಡಿದು ಅವರನ್ನು ದಾಟಿ ದಾಟಿ ಓಡಾಡಿದ್ದೇನೆ.

ಇದರಲ್ಲಿ ಯಾರಿಗೂ ಏನೂ ನಷ್ಟವಿರಲಿಲ್ಲ, ಒಂದು ಸುಳ್ಳು ಹುಟ್ಟದೇ ಹೋಗಿದ್ದರೆ. ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿ ಬಹಳ ಕಾಲವಾಯಿತು. ಮಗ ತಂಡಕ್ಕೆ ಸೇರಿದ ಹೊಸತರಲ್ಲಿ, "ಏನೋ ಪಾತ್ರ ನಿಂದು?" ಎಂದು ಕೇಳಿದರಂತೆ. ಇವರು ಖುಷಿಯಲ್ಲಿ, "ಮುಖ್ಯ ಪಾತ್ರ ಅಮ್ಮಾ" ಎಂದುಬಿಟ್ಟರು. ಅತ್ತೆ ಹೋಗಿ ನಾಟಕಕ್ಕೆ ಕೂತರು, ಮಗನ ಧ್ವನಿ ಎಲ್ಲೂ ಕೇಳಲಿಲ್ಲ. ಮನೆಗೆ ಬಂದು ವಿಚಾರಿಸಿದಾಗ ಇವರು ಕೊಟ್ಟ ಉತ್ತರ: "ರಾಜರು ಎಲ್ಲಾದ್ರೂ ತಾವೇ ಕೂಗಾಡ್ತಾರಾ ಅಮ್ಮಾ? ಕೂಗೋಕೆ ಅಂತ ಆಳು ಇಟ್ಕೊಂಡಿರ್ತಾರೆ. ಆ ಗಂಟಲು ಹರ್ಕೋತಿದ್ನಲ್ಲ, ಅವನು ನನ್ನ ಆಳು."

ಅತ್ತೆ ನಂಬಿದರು. ನಂಬಿದ್ದಷ್ಟೇ ಅಲ್ಲ, ಅದರ ಮೇಲೆ ಮಹಡಿ ಕಟ್ಟಿದರು. ಮಾತಾಡುವವರೆಲ್ಲ ಚಿಲ್ಲರೆ ನಟರು, ದೊಡ್ಡ ನಟ ಸುಮ್ಮನಿದ್ದೇ ಸಭೆ ಆಳುತ್ತಾನೆ ಎಂದು ಅಕ್ಕಪಕ್ಕದ ಮನೆಯವರಿಗೆಲ್ಲ ಪಾಠ ಹೇಳಿದರು. ಕಣ್ಣು ಕಾಣದವರದ್ದೊಂದು ಸಂಘವಿದೆ, ಅಲ್ಲಿ ವಾರಕ್ಕೊಮ್ಮೆ ಸೇರುವಾಗ ಇವರದು ಮಗನ ಪುರಾಣವೇ. ನಾನು ಮದುವೆಯಾಗಿ ಬರುವ ಹೊತ್ತಿಗೆ ಆ ಸುಳ್ಳು ಬೆಳೆದು ಮನೆಯ ದೊಡ್ಡ ಮಗನಂತೆ ಜಗಲಿಯಲ್ಲಿ ಕೂತಿತ್ತು. ಹೊಸ ಸೊಸೆ ಬಂದ ದಿನವೇ ಅದನ್ನು ಎಬ್ಬಿಸಿ ಓಡಿಸಲಿಕ್ಕಾಗುತ್ತದೆಯೇ? ಬಾಯಿಗೆ ಬೀಗ ಹಾಕಿಕೊಂಡೆ.

ಹೀಗಿರುವಾಗ ಕಲೆಗೆ ನೆರವು ಕೊಡುವ ಸಂಸ್ಥೆಯೊಂದು ಒಂದು ಘೋಷಣೆ ಮಾಡಿತು. ಕಣ್ಣು ಕಾಣದವರಿಗೂ ಕಿವಿ ಕೇಳದವರಿಗೂ ನಾಟಕ ದಕ್ಕಬೇಕು. ಅದೂ ಕೊನೆಗೆ ಅಂಟಿಸಿದ ತೇಪೆಯ ಹಾಗಲ್ಲ, ಕಲೆಯ ಒಳಗೇ ಬೆರೆತಿರಬೇಕು. ಹಾಗೆ ಮಾಡಿದ ತಂಡಕ್ಕೆ ದೊಡ್ಡ ರಂಗಮಂದಿರ ಬಿಟ್ಟುಕೊಡುತ್ತೇವೆ ಎಂದು. ಮಾತೇನೋ ಬಂಗಾರದಂಥದ್ದು. ಆದರೆ ಅದು ಬಿದ್ದದ್ದು ನಮ್ಮ ನಿರ್ದೇಶಕರ ಕಿವಿಗೆ. ಅಲ್ಲಿಯವರೆಗೆ ಆ ಮನುಷ್ಯ, ದಾರಿಯಲ್ಲಿ ಅತ್ತೆ ಎದುರಾದರೆ ದೂರದಿಂದಲೇ ಕೈಬೀಸಿ, ಮುದುಕಿ ತಿರುಗಿಯೂ ನೋಡಲಿಲ್ಲ ಎಂದು ಬೇಸರ ಮಾಡಿಕೊಳ್ಳುತ್ತಿದ್ದವರು. ಈಗ ಬೆಳಗಾಗುವಷ್ಟರಲ್ಲಿ ಕಣ್ಣಿಲ್ಲದವರ ಮೇಲೆ ಅವರ ಪ್ರೀತಿ ಉಕ್ಕಿ ಹರಿಯತೊಡಗಿತು.

ಮೊದಲನೆಯದು ಹಗ್ಗದ ಪ್ರಯೋಗ. ವೇದಿಕೆಯಿಂದ ಪ್ರತಿ ಕುರ್ಚಿಗೂ ಒಂದೊಂದು ಹಗ್ಗ. ಅದರ ತುದಿ ಪ್ರೇಕ್ಷಕರ ಕೈಯಲ್ಲಿ. ದುಃಖದ ದೃಶ್ಯಕ್ಕೆ ಮೆಲ್ಲನೆ ಒಂದು ಎಳೆತ, ಸಿಟ್ಟಿಗೆ ಎರಡು ಜಗ್ಗು, ಪ್ರೀತಿಗೆ ಸಣ್ಣ ನಡುಕ. "ಭಾವನೆ ನೇರವಾಗಿ ಬೆರಳಿಗೇ ತಲುಪುತ್ತೆ" ಎಂದರು ನಿರ್ದೇಶಕರು. ಸಂಘದವರನ್ನು ಕರೆದು ಕೂರಿಸಿದರು. ಸಿಟ್ಟಿನ ದೃಶ್ಯದಲ್ಲಿ ಹಗ್ಗ ಎಳೆಯುವವರಿಗೇ ಆವೇಶ ಬಂದು, ಒಬ್ಬ ಅಜ್ಜ ಕುರ್ಚಿ ಸಮೇತ ಮುಂದಕ್ಕೆ ಬಿದ್ದರು.

"ಯಾರ್ರೀ ಅದು ಎಳೀತಿರೋದು? ನಾವೇನು ಕೊಟ್ಟಿಗೆಗೆ ಹೊಡ್ಕೊಂಡು ಹೋಗೋ ಎಮ್ಮೆಗಳಾ?" ಎಂದು ಸಂಘದ ಹಿರಿಯರೊಬ್ಬರು ಅಬ್ಬರಿಸಿದರು. ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿ ನಿವೃತ್ತರಾದ ಹೆಂಗಸು, ಅತ್ತೆಯ ಜೀವದ ಗೆಳತಿ. ಎಲ್ಲರೂ ಅವರನ್ನು ಆಪರೇಟರಮ್ಮ ಎಂದೇ ಕರೆಯುವುದು.

ಆಮೇಲೆ ವಾಸನೆಯ ಪ್ರಯೋಗ. ರಾಜನಿಗೊಂದು ಅತ್ತರು, ರಾಣಿಗೊಂದು, ಮಂತ್ರಿಗೊಂದು. ಯಾರು ಬಂದರೆಂದು ಮೂಗೇ ಹೇಳಬೇಕಂತೆ. ಮೊದಲ ದೃಶ್ಯ ಮುಗಿಯುವುದರೊಳಗೆ ಫ್ಯಾನಿನ ಗಾಳಿಗೆ ರಾಜ, ರಾಣಿ, ಮಂತ್ರಿ ಒಂದಾಗಿ ರಂಗಮಂದಿರ ಸೋಪಿನ ಕಾರ್ಖಾನೆಯಾಯಿತು. ಸಂಘದವರು ಸೀನಿದರು, ನಟರು ಸೀನಿದರು, ಸತ್ತು ಬಿದ್ದಿದ್ದ ಸೈನಿಕನೂ ಸೀನಿದ.

"ಅಲ್ಲ ಸಾರ್," ಆಪರೇಟರಮ್ಮ ಮೂಗು ಒರೆಸಿಕೊಳ್ಳುತ್ತ ಎದ್ದರು, "ಸ್ಟೇಜ್ ಮೇಲೆ ಏನಾಗ್ತಿದೆ ಅಂತ ಯಾರಾದ್ರೂ ಕಿವೀಲಿ ಹೇಳಿದ್ರೆ ಸಾಕಲ್ವಾ?"

"ಅದು ಬರೀ ಮಾಹಿತಿ ಆಗುತ್ತೆ ಅಮ್ಮಾ, ಕಲೆ ಆಗಲ್ಲ."

"ನೀವು ಮೊದ್ಲು ಮಾಹಿತಿ ಕೊಡಿ. ಕಲೆ ನಾವು ಮಾಡ್ಕೋತೀವಿ."

ಅಲ್ಲಿಗೆ ಇಯರ್‌ಫೋನ್ ಎಂದು ತೀರ್ಮಾನವಾಯಿತು. ಯಾರು ಹೇಳಬೇಕು ಎಂಬ ಪ್ರಶ್ನೆ ಬಂದಾಗ ಅತ್ತೆ ಎದ್ದು ನಿಂತು, "ನನ್ನ ಸೊಸೆ ಇದ್ದಾಳಲ್ಲ! ದಿನಾ ಮೈಕಲ್ಲಿ ಅದನ್ನೇ ಮಾಡೋದು ಅವಳು. ಇಲ್ಲದ್ದು ಒಂದು ಮಾತು ಆಡೋಳಲ್ಲ" ಎಂದರು. ವೇದಿಕೆಯ ಮೂಲೆಯಲ್ಲಿ ಈಟಿ ಹಿಡಿದು ನಿಂತಿದ್ದ ನನ್ನ ಗಂಡನ ಮುಖ ಸುಣ್ಣ ಬಳಿದ ಹಾಗಾಯಿತಂತೆ. ತಾಯಿಯೇ ಆರಿಸಿ ತಂದಿದ್ದರಿಂದ ಪಾಪ, ಬೇಡ ಎನ್ನಲಿಕ್ಕೂ ಬಾಯಿಲ್ಲ.

ನಿರ್ದೇಶಕರು ನನಗೆ "ದೃಶ್ಯವಾಚಕಿ" ಎಂದು ಬಿರುದು ಕೊಟ್ಟರು. ತಂಡದವರು ಬಸ್ಸಮ್ಮ ಎಂದರು. ಆಪರೇಟರಮ್ಮ ಎರಡೇ ಕಟ್ಟಳೆ ಹಾಕಿದರು. ವೇದಿಕೆಯ ಮೇಲೆ ಯಾರಾದರೂ ಮಾತಾಡುತ್ತಿದ್ದರೆ ನಾನು ಬಾಯಿ ಬಿಡಬಾರದು, ಅವರು ನಿಲ್ಲಿಸಿದಾಗ ಮಾತ್ರ ಹೇಳಬೇಕು. ಮತ್ತೆ, ಇದ್ದದ್ದನ್ನು ಇದ್ದ ಹಾಗೇ ಹೇಳಬೇಕು. ಆಪರೇಟರಮ್ಮನೇನೂ ದೇವತೆಯಲ್ಲ, ಬಿಡಿ. ಯಾರು ದಪ್ಪಗಾಗಿದ್ದಾರೆ, ಯಾರ ವಿಗ್ಗು ಜಾರಿದೆ ಎಂಬುದನ್ನೂ ಸೇರಿಸು ಎಂದು ನನಗೆ ಗುಟ್ಟಾಗಿ ಹೇಳಿದರು. "ಅದೂ ಇರೋದೇ ತಾನೇ? ಕಣ್ಣಿರೋರಿಗೆ ಆ ಸುಖ ಪುಕ್ಕಟೆ, ನಮಗ್ಯಾಕೆ ಇಲ್ಲ?" ಎಂದು ವಾದ ಮಾಡಿದರು. ನ್ಯಾಯವೇ.

ನನ್ನ ಬಾಯಿಂದ ಬಂದರೆ ಮಾತ್ರ ಮುಂದಿನ ಎರಡು ಸಾಲಿನಲ್ಲಿ ಕೂರುವ ಸಂಘದವರ ಪಾಲಿಗೆ ತಾವು ಇರುತ್ತೇವೆ ಎಂದು ನಟರಿಗೆ ಅರ್ಥವಾದ ದಿನದಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ. ಅದುವರೆಗೆ ನನ್ನನ್ನು ಗಂಡನ ಬುತ್ತಿ ಹೊತ್ತು ತರುವವಳು ಎಂದಷ್ಟೇ ಬಲ್ಲವರು, ಈಗ ಅಕ್ಕಾ ಅಕ್ಕಾ ಎಂದು ಸುತ್ತುವರಿದರು.

"ಅಕ್ಕಾ, ನನ್ನ ಕುತ್ತಿಗೆ ಬಗ್ಗೆ ಒಂದು ಮಾತು ಹಾಕಿ. ಎಲ್ರೂ ಉದ್ದ ಇದೆ ಅಂತಾರೆ" ಎಂದಳು ರಾಣಿ ಪಾತ್ರದವಳು. ಮಂತ್ರಿ ಪಾತ್ರದವರು ತಮ್ಮ ಹುಬ್ಬನ್ನು ಹತ್ತಿರದಿಂದ ತೋರಿಸಿ, "ಇದರಲ್ಲಿ ಕಪಟ ಇದೆ, ಗಮನಿಸಿ" ಎಂದರು. ರಾಜನ ಪಾತ್ರದವರಂತೂ ಬಸ್ ನಿಲ್ದಾಣದ ನನ್ನ ಕೋಣೆಗೇ ಬಂದರು. ಆ ಮನುಷ್ಯನ ಅಡ್ಡಹೆಸರು ಗುಡುಗು. ಪಿಸುಮಾತೂ ಆಚೆ ಬೀದಿಗೆ ಕೇಳಿಸುತ್ತದೆ.

"ಮೇಡಂ, ನಾನು ಪ್ರವೇಶ ಮಾಡೋವಾಗ 'ಕಾಲಿಟ್ಟರೆ ನೆಲ ನಡುಗುತ್ತಿದೆ' ಅನ್ನಿ."

"ನೆಲ ನಡುಗಲ್ಲ ಸಾರ್. ಹಲಗೆ ಕಿರ್ ಅನ್ನುತ್ತೆ. ಅದು ಅವರಿಗೇ ಕೇಳಿಸುತ್ತೆ."

"ಹೋಗ್ಲಿ, ಸಿಂಹದಂಥ ನಡು ಅನ್ನಿ."

"ಇರೋದನ್ನ ಹೇಳ್ಬೇಕು ಅಂದ್ರೆ ಹೊಟ್ಟೆ ವಿಷಯ ಬರುತ್ತೆ, ಪರವಾಗಿಲ್ವಾ?"

ಅವರು ಹೊಟ್ಟೆ ಒಳಗೆಳೆದುಕೊಂಡು ಎದ್ದು ಹೋದರು. ಆದರೆ ಸುಮ್ಮನಾಗುವ ಪೈಕಿಯೇ? ಒಂದು ದಿನದ ತಾಲೀಮಿನಲ್ಲಿ ನಾನು ಹೇಳಿದ್ದನ್ನೆಲ್ಲ ರೆಕಾರ್ಡ್ ಮಾಡಿಸಿ ಕೇಳಿದರು. ಎರಡನೇ ದೃಶ್ಯ ಪೂರ್ತಿ ತಮ್ಮ ಬಗ್ಗೆ ಒಂದಕ್ಷರ ಇಲ್ಲ! ಹೇಗಿರುತ್ತದೆ? ದೃಶ್ಯವೆಲ್ಲ ಅವರೇ ಗುಡುಗುತ್ತಿದ್ದರೆ ನಾನು ಬಾಯಿ ಹಾಕುವುದಾದರೂ ಎಲ್ಲಿ? ಅದೇ ದೃಶ್ಯ ಮುಗಿದು ಎಲ್ಲರೂ ಒಳಗೆ ಹೋದಮೇಲೆ ಕಾವಲುಗಾರ ಬಂದು ಸಿಂಹಾಸನ ಸರಿಸುತ್ತಾನೆ. ಆಗ ಬಿಡುವು ಸಿಕ್ಕಿದ್ದರಿಂದ ಅವನ ಬಗ್ಗೆ ಮೂರು ವಾಕ್ಯ ಹೇಳಿದ್ದೆ.

"ಆ ಕಂಬಕ್ಕೆ ಮೂರು ವಾಕ್ಯ! ನನಗೆ ಒಂದೂ ಇಲ್ಲ!" ಎಂದು ಗುಡುಗು ಕೂಗಿದ್ದು ನನ್ನ ಗಂಡನ ಎದುರಿಗೇ. ಇವರು ತಮ್ಮದೇ ತಪ್ಪೇನೋ ಎಂಬಂತೆ ಈಟಿಯ ತುದಿ ಒರೆಸುತ್ತ ನಿಂತರು. ನನಗೆ ಮೈಯೆಲ್ಲ ಉರಿಯಿತು.

ಮರುದಿನ ಗುಡುಗು ಒಂದು ಮಾತಿನ ನಡುವೆ ಫಕ್ಕನೆ ನಿಂತರು. "ನನ್ನ ರಾಜ್ಯದಲ್ಲಿ..." ಎಂದು ಛಾವಣಿಯ ಕಡೆ ಮುಖ ಎತ್ತಿದರು. ಮಾತು ಮರೆತಿದೆ ಎಂದುಕೊಂಡು ಪರದೆಯ ಹಿಂದಿನಿಂದ ಯಾರೋ ಮುಂದಿನ ಸಾಲು ಹೇಳಿಕೊಟ್ಟರು. ಗುಡುಗು ಕಣ್ಣು ಕೆಂಪಗೆ ಮಾಡಿದರು. ಆಗ ನನಗೆ ಹೊಳೆಯಿತು, ಮಹಾನುಭಾವ ಕಾಯುತ್ತಿರುವುದು ನನಗಾಗಿ. ಬಿಡುವು ಕೊಟ್ಟಿದ್ದೇನೆ, ವರ್ಣಿಸು ಎಂದು! "ರಾಜ ಮೇಲೆ ನೋಡುತ್ತಿದ್ದಾನೆ" ಎಂದೆ. ಅವರು ನಿಂತೇ ಇದ್ದರು. "ರಾಜ ಸುಮ್ಮನೆ ನಿಂತಿದ್ದಾನೆ" ಎಂದೆ. ಜಪ್ಪಯ್ಯ ಎಂದರೂ ಕದಲಲಿಲ್ಲ. "ರಾಜ ಇನ್ನೂ ಸುಮ್ಮನೆ ನಿಂತಿದ್ದಾನೆ." ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪರೀಕ್ಷೆಗೆ ಕೂತಿದ್ದ ಆಪರೇಟರಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು.

ಈ ಗುಟ್ಟು ಬಯಲಾಗಲು ಎಷ್ಟು ಹೊತ್ತು ಬೇಕು? ರಾಣಿಯೂ ನಿಲ್ಲತೊಡಗಿದಳು. ನಿಂತಾಗ ಕುತ್ತಿಗೆ ಹೊರಳಿಸುತ್ತಿದ್ದಳು. ಮಂತ್ರಿ ಪ್ರತಿ ಮಾತಿಗೂ ಮೊದಲು ಹುಬ್ಬು ಏರಿಸಿ ನಾನು ಮೈಕ್ ಹಿಡಿದು ಕೂತ ಗೂಡಿನ ಕಡೆ ಓರೆಗಣ್ಣು ಬಿಡುತ್ತಿದ್ದರು. "ಬಾಗಿಲು ತೆಗೆಯಿರಿ" ಎಂಬ ಒಂದು ಮಾತಿಗೆ, ಬಾಗಿಲು ಎಂದಮೇಲೆ ಒಂದು ಯುಗ, ತೆಗೆಯಿರಿ ಎನ್ನುವ ಮೊದಲು ಇನ್ನೊಂದು ಯುಗ. ಒಂದು ದಿನ ರಾಜ ರಾಣಿ ಇಬ್ಬರೂ ಒಟ್ಟಿಗೇ ನಿಂತುಬಿಟ್ಟರು. ಯಾರೂ ಮೊದಲು ಬಾಯಿ ಬಿಡಲು ಸಿದ್ಧರಿಲ್ಲ. ದೀಪದವನು ನಾಟಕ ಮುಗಿಯಿತೆಂದುಕೊಂಡು ದೀಪ ಆರಿಸಿ ಬುತ್ತಿ ಬಿಚ್ಚಿದ.

ನಿರ್ದೇಶಕರು ಇವರಿಗೆ ಬೈದು ಬುದ್ಧಿ ಹೇಳುತ್ತಾರೆ ಎಂದು ನಾನು ಕಾದೆ. ಅವರೋ ಕಣ್ಣಲ್ಲಿ ನೀರು ತುಂಬಿಕೊಂಡು, "ಇದೇ! ಇದನ್ನೇ ನಾನು ಇಷ್ಟು ವರ್ಷ ಹುಡುಕ್ತಿದ್ದದ್ದು!" ಎಂದರು. ಪೋಸ್ಟರಿನಲ್ಲಿ "ಮೌನದ ಮಹಾನಾಟಕ" ಎಂದು ಅಚ್ಚಾಯಿತು.

ಈ ಗದ್ದಲದ ನಡುವೆ ಆಪರೇಟರಮ್ಮ ಇನ್ನೊಂದು ಬೇಡಿಕೆ ಇಟ್ಟರು. "ಯಾವ ಪಾತ್ರ ಯಾರು ಮಾಡ್ತಿದ್ದಾರೆ ಅಂತ ಪರದೆ ಏಳ್ತಿದ್ದ ಹಾಗೇ ಹೇಳ್ಬೇಕು. ಕಣ್ಣಿರೋರು ಮುಖ ನೋಡಿ ತಿಳ್ಕೋತಾರೆ. ನಮಗೆ?" ನಟರೆಲ್ಲ ಹೌದು ಹೌದು ಎಂದು ಕುಣಿದರು. ಒಬ್ಬರನ್ನೂ ಬಿಡದೆ ಹೇಳಬೇಕೆಂದು ನಿರ್ದೇಶಕರು ಅಪ್ಪಣೆ ಕೊಟ್ಟರು. ಹೊರಗೆ ಬಂದಾಗ ನನ್ನ ಗಂಡ ಸೈಕಲ್ಲಿನ ಬೀಗಕ್ಕೆ ಮನೆಯ ಬೀಗದ ಕೈ ತುರುಕುತ್ತಿದ್ದರು.

ಅತ್ತೆಯ ಸಂಭ್ರಮ ಕೇಳಬೇಡಿ. ತಾಲೀಮಿಗೆ ಬಾ ಎಂದರೆ, "ಊಹೂಂ, ಮೊದಲ ಪ್ರದರ್ಶನಕ್ಕೇ ಬರೋದು. ಎಲ್ಲರನ್ನೂ ಕರ್ಕೊಂಡು" ಎಂದರು. ಸಂಘದ ಒಬ್ಬೊಬ್ಬರಿಗೂ ಫೋನ್ ಮಾಡಿ, "ನನ್ನ ಮಗ ರಾಜ. ಈ ಸಲ ಅವನು ಹೇಗೆ ಕೂರ್ತಾನೆ, ಹೇಗೆ ಏಳ್ತಾನೆ, ಎಲ್ಲಾ ನನ್ನ ಸೊಸೆ ಹೇಳ್ತಾಳೆ. ಇಷ್ಟು ವರ್ಷ ನಾನು ಬರೀ ಊಹೆ ಮಾಡ್ಕೋತಿದ್ದೆ ಕಣೇ" ಎನ್ನುತ್ತಿದ್ದರು. ಆ ಕೊನೆಯ ಮಾತು ಕೇಳಿ ನಾನು ಹಿಡಿದಿದ್ದ ಲೋಟ ಕೆಳಗಿಟ್ಟೆ.

ಪ್ರದರ್ಶನದ ದಿನ ಬೆಳಿಗ್ಗೆ ನನ್ನ ಗಂಡ ಕಾವಲುಗಾರನ ಅಂಗಿಗೆ ತಾವೇ ಇಸ್ತ್ರಿ ಹಾಕುತ್ತಿದ್ದರು. ತಲೆ ಎತ್ತದೆ ಕೇಳಿದರು:

"ನನ್ನೊಬ್ಬನ್ನ ಬಿಟ್ಬಿಡ್ತೀಯಾ?"

"ಬಿಟ್ರೆ ಈಟಿ ತಾನಾಗೇ ಗಾಳೀಲಿ ನಿಂತಿರುತ್ತಾ?"

"ಈಟಿ ಇದೆ ಅನ್ಬೇಡ."

"ರೀ, ನೀವೇ ಹೋಗಿ ಅಮ್ಮನಿಗೆ ಒಂದು ಮಾತು ಹೇಳಿಬಿಡಿ. ಈಗ್ಲೇ ಹೋಗಿ."

ಹೋದರು. ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತದ್ದು, ಗಂಟಲು ಸರಿ ಮಾಡಿಕೊಂಡದ್ದು, ಆಮೇಲೆ "ಅಮ್ಮಾ, ನೀರು ಬೇಕಾ?" ಎಂದದ್ದು, ಎಲ್ಲ ನನಗೆ ಕೇಳಿಸಿತು. ಮರಳಿ ಬಂದು ಇಸ್ತ್ರಿಪೆಟ್ಟಿಗೆಯ ಮುಂದೆ ಕೂತರು.

"ನಾನು ಬೈಸ್ಕೊಳ್ಳೋಕೆ ಹೆದರಲ್ಲ ಕಣೇ. ಆದ್ರೆ ಅವಳಿಗೆ ಇರೋ ಹೆಮ್ಮೆ ಇದೊಂದೇ. ನಾಳೆಯಿಂದ ಸಂಘಕ್ಕೆ ಯಾವ ಮುಖ ಇಟ್ಕೊಂಡು ಹೋಗ್ತಾಳೆ?"

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಆಗಲಿ ಎನ್ನಲಿಲ್ಲ, ಆಗಲ್ಲ ಎನ್ನಲೂ ಇಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ಮೊದ್ಲು ಊಟ ಮಾಡಿ" ಎಂದೆ.

ನಾಟಕ ಮಧ್ಯಾಹ್ನಕ್ಕೆ. ಪರದೆ ಏಳುವ ಮೊದಲು ಸಂಘದವರನ್ನು ವೇದಿಕೆಗೆ ಹತ್ತಿಸಿ ಅಲ್ಲಿರುವುದನ್ನೆಲ್ಲ ಮುಟ್ಟಿ ನೋಡಲು ಬಿಟ್ಟರು. ಇದು ನಿಜಕ್ಕೂ ಒಳ್ಳೆಯ ಏರ್ಪಾಡು. ನಿರ್ದೇಶಕರ ತಲೆಯದಲ್ಲ, ಆಪರೇಟರಮ್ಮನ ಹಟದ್ದು. ಅವರು ಪರದೆಯ ಬಟ್ಟೆ ಹಿಂಡಿ ನೋಡಿದರು, ಕಿರೀಟ ತಲೆಗಿಟ್ಟುಕೊಂಡು ನಕ್ಕರು, ರಾಣಿಯ ಒಡವೆ ಬೆರಳಲ್ಲಿ ತಟ್ಟಿ "ಪ್ಲಾಸ್ಟಿಕ್ಕು" ಎಂದರು. ಅತ್ತೆ ಸಿಂಹಾಸನದ ಬಳಿ ಹೋಗಿ ಅದರ ಕೈ, ಬೆನ್ನು, ಕಾಲಿನ ಕೆತ್ತನೆ ಎಲ್ಲವನ್ನೂ ಸವರಿದರು. ಮಗುವಿನ ತಲೆ ಸವರುವ ಹಾಗೆ.

"ಇದ್ರ ಮೇಲೇನೋ ನೀನು ಕೂರೋದು?"

ಪಕ್ಕದಲ್ಲೇ ನಿಂತಿದ್ದ ನನ್ನ ಗಂಡ, "ಹೂಂ ಅಮ್ಮಾ" ಎಂದರು.

ಅತ್ತೆಯ ಕೈ ಇನ್ನಷ್ಟು ಚಾಚಿ ಈಟಿಗೆ ತಗುಲಿತು. ಅದು ಅವರ ಮಗನ ಕೈಯಲ್ಲೇ ಇತ್ತು. "ಇದ್ಯಾರದ್ದು ಕೋಲು?"

"ಕಾವಲುಗಾರಂದು."

"ಅಯ್ಯೋ ಪಾಪ. ಇದನ್ನ ಹಿಡ್ಕೊಂಡು ನಾಟಕ ಪೂರ್ತಿ ನಿಂತೇ ಇರ್ಬೇಕಾ? ಕಾಲು ನೋಯಲ್ವಾ ಅವನಿಗೆ?"

ನಾನು ಅತ್ತೆಯ ಕೈಹಿಡಿದು ಮೊದಲ ಸಾಲಿಗೆ ಕರೆತಂದು ಕೂರಿಸಿದೆ. ಪಕ್ಕದಲ್ಲಿ ಆಪರೇಟರಮ್ಮ. "ಚೆನ್ನಾಗಿ ಹೇಳ್ಬೇಕು ಆಯ್ತಾ?" ಎಂದು ಅತ್ತೆ ನನ್ನ ಕೆನ್ನೆ ತಟ್ಟಿದರು.

ನನ್ನ ಗೂಡು ವೇದಿಕೆಯ ಪಕ್ಕದ ಗೋಡೆಯಲ್ಲಿತ್ತು, ಹಳೆಯ ದೀಪದ ಕೋಣೆ. ಅದರ ಗಾಜಿನಿಂದ ವೇದಿಕೆಯೂ ಕಾಣುತ್ತದೆ, ಮುಂದಿನ ಸಾಲುಗಳ ಮುಖಗಳೂ ಕಾಣುತ್ತವೆ. ಪರದೆ ಎದ್ದಿತು. ವಾದ್ಯ ನಿಂತಿತು. ಎಲ್ಲ ನಟರೂ ಅವರವರ ಜಾಗದಲ್ಲಿ ಬೊಂಬೆಗಳಂತೆ ನಿಂತು ನನ್ನ ಪರಿಚಯಕ್ಕೆ ಕಾದರು. ನಾನು ಅತ್ತೆಯ ಮುಖ ನೋಡಿದೆ. ಬೆಳಕು ತಾಗದ ಆ ಕಣ್ಣುಗಳನ್ನು ಅಗಲ ಮಾಡಿಕೊಂಡು, ಇಯರ್‌ಫೋನನ್ನು ಬೆರಳಲ್ಲಿ ಒತ್ತಿ ಹಿಡಿದು, ಎಳೆಯ ಹುಡುಗಿಯ ಹಾಗೆ ಕೂತಿದ್ದರು.

ಬಿಟ್ಟುಬಿಡೋಣ ಎಂದು ಅನ್ನಿಸಿತು. ದೇವರಾಣೆಗೂ ಅನ್ನಿಸಿತು. ಒಂದು ಹೆಸರು ನುಂಗಿದರೆ ಯಾರ ಗಂಟು ಹೋಗುತ್ತದೆ? ಆದರೆ ಈಯಮ್ಮನಿಗೆ ಏನು ಗೊತ್ತಾಗಬೇಕು, ಏನು ಗೊತ್ತಾಗಬಾರದು ಎಂದು ಇಷ್ಟು ವರ್ಷ ನಾವೇ ತೀರ್ಮಾನ ಮಾಡಿಕೊಂಡು ಬಂದಿದ್ದೇವಲ್ಲ, ನಾವು ಯಾರು? ಹಗ್ಗ ಕಟ್ಟಿ ಎಳೆದ ನಿರ್ದೇಶಕರಿಗೂ ನಮಗೂ ಏನು ವ್ಯತ್ಯಾಸ? ನಮ್ಮ ಹಗ್ಗ ಸ್ವಲ್ಪ ನುಣುಪು, ಅಷ್ಟೇ. ನಾನು ಮೈಕಿನ ಗುಂಡಿ ಒತ್ತಿದೆ.

"ಸಿಂಹಾಸನದ ಮೇಲೆ ರಾಜ ಕೂತಿದ್ದಾನೆ. ಈ ಪಾತ್ರ ಮಾಡುತ್ತಿರುವವರು ಗುಡುಗು ಎಂದು ಹೆಸರಾದವರು. ಅವರ ಎಡಕ್ಕೆ ರಾಣಿ. ಅವಳ ಹಿಂದೆ ಮಂತ್ರಿ." ಉಸಿರು ಎಳೆದುಕೊಂಡೆ. "ಬಾಗಿಲ ಬಳಿ ಈಟಿ ಹಿಡಿದು ಒಬ್ಬ ಕಾವಲುಗಾರ ನಿಂತಿದ್ದಾನೆ. ಅವರು ನನ್ನ ಗಂಡ."

ಆ ಎರಡು ಸಾಲಿನಲ್ಲಿ ಒಂದೊಂದೇ ತಲೆ ಅತ್ತೆಯ ಕಡೆ ತಿರುಗಿತು. ಅತ್ತೆ ಇಯರ್‌ಫೋನನ್ನು ಕಿವಿಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡು ಅದರ ಮೇಲೆ ಕೈ ಮುಚ್ಚಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾಟಕ ನಡೆಯಿತು. ನಡೆಯಿತು ಎನ್ನುವುದಕ್ಕಿಂತ ನಿಂತು ನಿಂತು ಮುಂದಕ್ಕೆ ಹೋಯಿತು ಎನ್ನಬೇಕು. ಕಣ್ಣಿರುವ ಪ್ರೇಕ್ಷಕರು ಕೆಮ್ಮಿದರು, ಆಕಳಿಸಿದರು, ಮೊಬೈಲ್ ತೆಗೆದರು. ನಾನು ಕುತ್ತಿಗೆ, ಹುಬ್ಬು, ಛಾವಣಿ ಎಲ್ಲವನ್ನೂ ಹೇಳುತ್ತಲೇ ಇದ್ದೆ. ಕೇಳಬೇಕಾದ ಒಬ್ಬರು ಕೇಳುತ್ತಿರಲಿಲ್ಲ. ಅದನ್ನು ನನ್ನ ಗಂಡನೂ ನೋಡಿಬಿಟ್ಟಿದ್ದರು. ಅವರು ನಿಂತಿದ್ದ ಜಾಗಕ್ಕೆ ತಾಯಿಯ ಮಡಿಲು ಸರಿಯಾಗಿ ಕಾಣುತ್ತದೆ.

ಕೊನೆಯ ದೃಶ್ಯದಲ್ಲಿ ರಾಜ ರಾಜ್ಯ ಬಿಟ್ಟುಕೊಡಬೇಕು. ಗುಡುಗು ತಮ್ಮ ಅತಿ ದೊಡ್ಡ ಮೌನವನ್ನು ಇಲ್ಲಿಗೆಂದೇ ಕೂಡಿಟ್ಟಿದ್ದರು. "ಈ ಕಿರೀಟ..." ಎಂದು ಅದನ್ನು ಎರಡೂ ಕೈಯಲ್ಲಿ ಮೇಲೆತ್ತಿ ನಿಂತರು.

"ರಾಜ ಕಿರೀಟ ಎತ್ತಿ ಹಿಡಿದಿದ್ದಾನೆ" ಎಂದೆ. ಅವರು ನಿಂತರು. "ರಾಜ ಸುಮ್ಮನೆ ನಿಂತಿದ್ದಾನೆ." ನಿಂತೇ ಇದ್ದರು. "ರಾಜ ಇನ್ನೂ ಸುಮ್ಮನೆ ನಿಂತಿದ್ದಾನೆ."

ಇನ್ನು ಹೇಳಲಿಕ್ಕೆ ಏನಿದೆ ಎಂದು ವೇದಿಕೆಯ ಮೇಲೆಲ್ಲ ಕಣ್ಣಾಡಿಸಿದೆ. ಅಷ್ಟು ಜನರಲ್ಲಿ ನಿಜವಾಗಿ ಏನಾದರೂ ಆಗುತ್ತಿದ್ದದ್ದು ಒಬ್ಬನ ಮುಖದಲ್ಲಿ ಮಾತ್ರ. ನನ್ನ ಧ್ವನಿ ನನಗೇ ಬೇರೆಯಾಗಿ ಕೇಳಿಸಿತು.

"ಬಾಗಿಲ ಬಳಿ ಕಾವಲುಗಾರ ಮೊದಲ ಸಾಲಿನ ಕಡೆ ನೋಡುತ್ತಿದ್ದಾನೆ. ಅಲ್ಲಿ ಅವನ ತಾಯಿ ಕೂತಿದ್ದಾಳೆ. ಈಟಿ ಸ್ವಲ್ಪ ವಾಲಿದೆ. ಅವನ ಭುಜ ಕುಸಿದಿದೆ."

ಆಪರೇಟರಮ್ಮ ಕೈಚಾಚಿ ತಡಕಾಡಿ, ಅತ್ತೆಯ ಮಡಿಲಿನ ಇಯರ್‌ಫೋನ್ ಕಿತ್ತು ಅವರ ಕಿವಿಗೆ ತುರುಕಿದರು. "ಕೇಳೇ! ನಿನ್ನ ಮಗನ ವಿಷಯ ಹೇಳ್ತಿದ್ದಾಳೆ" ಎಂದದ್ದು ತುಟಿಯಲ್ಲೇ ತಿಳಿಯಿತು.

"ಕಾವಲುಗಾರನ ಗಲ್ಲ ನಡುಗುತ್ತಿದೆ" ಎಂದೆ. "ಕೈಯಲ್ಲಿ ಈಟಿ ಇರುವುದರಿಂದ ಒರೆಸಿಕೊಳ್ಳಲು ಆಗುತ್ತಿಲ್ಲ. ಅವನು ಅಳುತ್ತಿದ್ದಾನೆ."

ಅತ್ತೆ ಧಡಕ್ಕನೆ ಎದ್ದು ನಿಂತರು.

"ಅಳ್ಬೇಡ್ವೋ!" ಇಡೀ ರಂಗಮಂದಿರಕ್ಕೆ ಕೇಳಿಸಿತು. "ಕಾವಲಿಗೆ ನಿಂತೋನು ಅಳ್ತಾನೇನೋ? ಈಟಿ ಗಟ್ಟಿಯಾಗಿ ಹಿಡ್ಕೋ! ನೆಟ್ಟಗೆ ನಿಂತ್ಕೋ!"

ಮುಂದಿನ ಎರಡು ಸಾಲು ನಕ್ಕು ಚಪ್ಪಾಳೆ ಹೊಡೆಯಿತು. ಹಿಂದಿನವರಿಗೆ ತಲೆಬುಡ ತಿಳಿಯಲಿಲ್ಲ. ಏನಾಯ್ತು, ಏನಾಯ್ತು ಎಂದು ಪರಸ್ಪರ ಕೇಳಿಕೊಂಡರು. ಗುಡುಗು ಚಪ್ಪಾಳೆ ತಮ್ಮ ಮೌನಕ್ಕೇ ಬಂತೆಂದು ಕಿರೀಟವನ್ನು ಇನ್ನೊಂದು ಗೇಣು ಮೇಲೆತ್ತಿದರು. ಮೂರನೇ ಸಾಲಿನ ಒಬ್ಬ ದೊಡ್ಡ ಮನುಷ್ಯ, ಕೋಟು ಹಾಕಿದವನು, ಮುಂದಕ್ಕೆ ಬಾಗಿ ರೇಗಿದ.

"ಶ್! ಏನಮ್ಮಾ ಇದು? ನಾಟಕ ನಡೀತಿದೆ, ಕಾಣಲ್ವಾ? ಯಾರು ನೀವು?"

ಅತ್ತೆ ಅವನ ಧ್ವನಿ ಬಂದ ಕಡೆ ತಿರುಗಿದರು. ಸೆರಗು ಸರಿ ಮಾಡಿಕೊಂಡರು.

"ನಾನು ಕಾವಲುಗಾರನ ತಾಯಿ" ಎಂದರು. ಹೇಳಿ, ಕೂತು, ಇಯರ್‌ಫೋನನ್ನು ಬೆರಳಲ್ಲಿ ಒತ್ತಿ ಹಿಡಿದು ನನ್ನ ಮಾತಿಗೆ ಕಾದರು.

ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಕಾವಲುಗಾರ ನೆಟ್ಟಗೆ ನಿಂತಿದ್ದಾನೆ."